ಟ್ರಾಲಿಯ ಭಾರ ಎಲ್ಲಿ ಕೂರಬೇಕು? ಟ್ರ್ಯಾಕ್ಟರಿನ ಮುಂದಿನ ಗಾಲಿ ಹಗುರಾಗದ ಹಾಗೆ ಹುಕ್ ಹಾಕುವ ಬಗೆ

ಕಬ್ಬಿನ ಹಂಗಾಮಿನಲ್ಲಿ ಸಾಂಗ್ಲಿ ಜಿಲ್ಲೆಯ ನಮ್ಮ ಜತ್ತ ತಾಲೂಕಿನ ಮೂಡಣ ಕಡೆ, ಉಮದಿ, ಸಂಖ, ಚಡಚಣದ ದಾರಿಯಲ್ಲಿ ಒಂದು ತಾಸು ನಿಂತು ನೋಡಿ. ಮುಂದಿನ ಗಾಲಿ ನೆಲ ಬಿಟ್ಟು ಬಿಟ್ಟು ಕುಣಿಯುತ್ತಾ ಹೋಗುವ ಟ್ರ್ಯಾಕ್ಟರ್ ಒಂದಾದರೂ ಕಣ್ಣಿಗೆ ಬೀಳುತ್ತದೆ. ನಿಂತವರು "ಎಷ್ಟ್ ಭಾರ ಎಳೀತಾನ ನೋಡು" ಅಂತ ಮೆಚ್ಚುತ್ತಾರೆ. ನನಗೆ ಮಾತ್ರ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ, ಯಾಕೆಂದರೆ ಆ ಸೀಟಿನ ಮೇಲೆ ನಾನೂ ಕೂತಿದ್ದೆ.

ಮೂರು ವರ್ಷದ ಹಿಂದಿನ ಮಾತು. ನಮ್ಮ ಹೊಲದಿಂದ ರಸ್ತೆಗೆ ಬರಬೇಕಾದರೆ ಒಂದು ಹಳ್ಳ ದಾಟಿ ದಿಬ್ಬ ಹತ್ತಬೇಕು. ಎರಡು ಗಾಲಿಯ ಟ್ರಾಲಿ, ತುಂಬ ಕಬ್ಬು. ದಿಬ್ಬದ ನಡುವೆ ಸ್ಟೇರಿಂಗ್ ಕೈಯಲ್ಲಿ ಬೆಣ್ಣೆಯ ಹಾಗೆ ಹಗುರಾಯಿತು. ಬಲಕ್ಕೆ ತಿರುಗಿಸಿದೆ, ಗಾಲಿ ಬಲಕ್ಕೆ ತಿರುಗಿತು, ಟ್ರ್ಯಾಕ್ಟರ್ ಮಾತ್ರ ಸೀದಾ ಹೊರಟಿತು. ಬಾನೆಟ್ ಮೇಲೆದ್ದು ಎದುರಿನ ಜಾಲಿ ಗಿಡ ಮರೆಯಾಯಿತು. ಹಿಂದೆ ನಡೆದು ಬರುತ್ತಿದ್ದ ಕಾಕಾ "ಕ್ಲಚ್ ಒತ್ತೋ ತಮ್ಮಾ!" ಅಂತ ಕೂಗಿದರು. ಒತ್ತಿದೆ. ಮುಂದಿನ ಗಾಲಿ ಧಡ್ ಅಂತ ನೆಲಕ್ಕೆ ಬಿತ್ತು. ಕೂಡಲೇ ಬ್ರೇಕ್ ಒತ್ತಿ ಹಿಡಿದೆ, ಕಾಕಾ ಓಡಿ ಬಂದು ಟ್ರಾಲಿಯ ಗಾಲಿಗೆ ಕಲ್ಲು ಕೊಟ್ಟರು. ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವುದಕ್ಕೆ ಒಂದು ಸೆಕೆಂಡು ಸಾಕು, ಯೋಚನೆ ಮಾಡುವಷ್ಟು ಹೊತ್ತು ಅಲ್ಲಿ ಇರುವುದಿಲ್ಲ.

ಅವತ್ತಿನ ತಪ್ಪು ಟ್ರ್ಯಾಕ್ಟರಿನದಲ್ಲ, ಹಳ್ಳದ್ದೂ ಅಲ್ಲ. ಭಾರ ಕೂತ ಜಾಗ ತಪ್ಪಿತ್ತು, ಹುಕ್ಕಿನ ಎತ್ತರ ತಪ್ಪಿತ್ತು. ಇವೆರಡನ್ನೂ ಸರಿ ಮಾಡುವುದಕ್ಕೆ ದುಡ್ಡು ಹೆಚ್ಚು ಬೇಕಾಗಿಲ್ಲ. ಒಂದು ಟೇಪು, ಒಂದು ಸಲ ಕಾಟಾಕ್ಕೆ (ಗಾಡಿಯನ್ನೇ ತೂಗುವ ಜಾಗಕ್ಕೆ) ಹೋಗಿ ಬರುವ ತಾಳ್ಮೆ, ಅಷ್ಟೇ.

ಮೊದಲು ಎತ್ತಿನ ಗಾಡಿ ನೆನಪು ಮಾಡಿಕೊಳ್ಳಿ. ನಮ್ಮ ಅಜ್ಜಂದಿರು ಗಾಡಿ ಹೇರುವಾಗ ಮುಂಭಾರ, ಹಿಂಭಾರ ನೋಡುತ್ತಿದ್ದರು. ಮುಂಭಾರ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರ ಆದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ. ಅದಕ್ಕೇ ಹೇರಿದ ಮೇಲೆ ನೊಗವನ್ನು ಒಂದು ಸಲ ಕೈಯಲ್ಲಿ ಎತ್ತಿ ನೋಡಿಯೇ ಎತ್ತು ಕಟ್ಟುತ್ತಿದ್ದರು. ಟ್ರ್ಯಾಕ್ಟರ್ ಬಂದ ಮೇಲೆ ಆ ಎತ್ತಿ ನೋಡುವ ಅಭ್ಯಾಸ ಹೋಯಿತು. ಎತ್ತು ನೋವಾದರೆ ನಿಲ್ಲುತ್ತದೆ, ಇಂಜಿನ್ ನಿಲ್ಲುವುದಿಲ್ಲ ಅಲ್ವಾ.

ಟ್ರ್ಯಾಕ್ಟರನ್ನು ಒಂದು ತಕ್ಕಡಿ ಅಂದುಕೊಳ್ಳಿ. ಹಿಂದಿನ ದೊಡ್ಡ ಗಾಲಿಯ ಆಕ್ಸಲ್ ಅದರ ನಡು. ಹುಕ್ ಅದರ ಹಿಂದೆ ಇದೆ, ಮುಂದಿನ ಗಾಲಿ ಮುಂದಿದೆ. ಹುಕ್ಕಿನ ಮೇಲೆ ಭಾರ ಕೂತರೆ ಮುಂದಿನ ಗಾಲಿಯ ಭಾರ ಕಮ್ಮಿ ಆಗುತ್ತದೆ. ಎಷ್ಟು ಕಮ್ಮಿ ಅಂತ ಮನೆಯಲ್ಲೇ ಲೆಕ್ಕ ಹಾಕಬಹುದು. ಹಿಂದಿನ ಆಕ್ಸಲ್‌ನಿಂದ ಹುಕ್ಕಿಗೆ ಎಷ್ಟು ದೂರ ಅಂತ ಅಳೆಯಿರಿ, 60 ಸೆಂಟಿಮೀಟರ್ ಅಂದುಕೊಳ್ಳೋಣ. ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ ಅಳೆಯಿರಿ, 2 ಮೀಟರ್ ಅನ್ನೋಣ. 60ನ್ನು 200ರಿಂದ ಭಾಗಿಸಿದರೆ 0.3. ಅಂದರೆ ಹುಕ್ಕಿನ ಮೇಲೆ ಬೀಳುವ ಪ್ರತಿ 100 ಕಿಲೋಗೆ ಮುಂದಿನ ಗಾಲಿಯಿಂದ 30 ಕಿಲೋ ಹೋಗುತ್ತದೆ. ಹಿಂದಿನ ಗಾಲಿಗೆ ಬೀಳುವುದು 100 ಅಲ್ಲ, 130. ಎಷ್ಟೋ ಜನ ಈ ಕೊನೆಯ 30 ಮರೆಯುತ್ತಾರೆ, ಹಿಂದಿನ ಟೈರ್ ಬೇಗ ಹಾಳಾಯಿತು ಅಂತ ಆಮೇಲೆ ಬೇಜಾರು ಮಾಡಿಕೊಳ್ಳುತ್ತಾರೆ.

ಇನ್ನು ಹುಕ್ಕಿಗೆ ಭಾರ ಬರುವುದು ಎಲ್ಲಿಂದ? ಟ್ರಾಲಿಯ ಒಳಗೆ ಸಾಮಾನು ಕೂತ ಜಾಗದಿಂದ. ಟ್ರಾಲಿಯ ಆಕ್ಸಲ್‌ನಿಂದ ಹುಕ್ಕಿನವರೆಗೆ 4 ಮೀಟರ್ ಇದೆ, ಹೇರಿದ್ದು 5,000 ಕಿಲೋ ಅಂತಿಟ್ಟುಕೊಳ್ಳಿ. ಹೇರಿದ ಸಾಮಾನಿನ ನಡುಭಾಗ ಸರಿಯಾಗಿ ಆಕ್ಸಲ್ ಮೇಲೆ ಇದ್ದರೆ ಅದರಿಂದ ಹುಕ್ಕಿಗೆ ಏನೂ ಭಾರ ಬರುವುದಿಲ್ಲ. ಅದು 10 ಸೆಂಟಿಮೀಟರ್ ಮುಂದೆ ಸರಿದರೆ ಹುಕ್ಕಿಗೆ 125 ಕಿಲೋ. ಒಂದು ಗೇಣು, ಅಂದರೆ ಸುಮಾರು 20 ಸೆಂಟಿಮೀಟರ್ ಸರಿದರೆ 250 ಕಿಲೋ! ಒಂದು ಗೇಣಿಗೆ ಎರಡೂವರೆ ಕ್ವಿಂಟಲ್. ಅದೇ ಗೇಣು ಹಿಂದಕ್ಕೆ ಸರಿದರೆ ಅಷ್ಟೇ ಭಾರ ಹುಕ್ಕನ್ನು ಮೇಲಕ್ಕೆ ಎತ್ತುತ್ತದೆ. ಆಗ ಹಿಂದಿನ ಗಾಲಿಗೆ ಹಿಡಿತ ಹೋಗಿ ಕೆಸರಲ್ಲಿ ಸುಮ್ನೆ ತಿರುಗುತ್ತದೆ. ರಸ್ತೆಯಲ್ಲಿ ಸ್ವಲ್ಪ ವೇಗ ಬಂದರೆ ಟ್ರಾಲಿ ಹಾವಿನ ಹಾಗೆ ಆ ಕಡೆ ಈ ಕಡೆ ಓಲಾಡುತ್ತದೆ.

ಹಾಗಾಗಿ ಸ್ವಲ್ಪ ಮುಂಭಾರ ಬೇಕೇ ಬೇಕು. ನಾನು ಟ್ರಾಲಿಯ ಒಟ್ಟು ತೂಕದ 10ರಲ್ಲಿ ಒಂದು ಪಾಲು ಹುಕ್ಕಿನ ಮೇಲೆ ಬರುವ ಹಾಗೆ ಹೇರುತ್ತೇನೆ. ನಿಮ್ಮ ಟ್ರ್ಯಾಕ್ಟರಿನ ಪುಸ್ತಕದಲ್ಲಿ ಹುಕ್ ಎಷ್ಟು ಭಾರ ತಾಳುತ್ತದೆ ಅಂತ ಕೊಟ್ಟಿದ್ದರೆ ಆ ಮಿತಿಯನ್ನು ಮೀರಬೇಡಿ, ಮಿತಿ ಕಮ್ಮಿ ಇದ್ದರೆ ಹೇರುವುದನ್ನೇ ಕಮ್ಮಿ ಮಾಡಿ.

ಇಲ್ಲಿ ಒಂದು ಮಾತು. ಅಮೆರಿಕದ ಕಡೆ ಪಿಕಪ್ ಹಿಂದೆ ಮನೆಯಂಥ ಟ್ರೇಲರ್ ಕಟ್ಟಿಕೊಂಡು ಪ್ರವಾಸ ಹೋಗುವವರಿಗೂ ಇದೇ ತೊಂದರೆ ಇದೆ. ಅವರು ಟ್ರೇಲರಿನ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಹುಕ್ಕಿಗೆ ಬರುವ ಹಾಗೆ ನೋಡಿಕೊಳ್ಳುತ್ತಾರೆ. ಅಷ್ಟು ಭಾರಕ್ಕೆ ಪಿಕಪ್ಪಿನ ಹಿಂದು ಕುಗ್ಗಿ ಮುಂದು ಏಳುತ್ತದಲ್ವಾ, ಅದಕ್ಕೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಅಂತ ಹಾಕುತ್ತಾರೆ. ಹುಕ್ಕಿನಿಂದ ಟ್ರೇಲರಿನ ಚೌಕಟ್ಟಿಗೆ ಎರಡು ಸ್ಪ್ರಿಂಗ್ ಸಲಾಕೆ ಬಿಗಿದು, ಹಿಂದೆ ಕೂತ ಭಾರದಲ್ಲಿ ಒಂದಿಷ್ಟನ್ನು ಮುಂದಿನ ಗಾಲಿಗೂ ಒಂದಿಷ್ಟನ್ನು ಟ್ರೇಲರಿನ ಗಾಲಿಗೂ ಹಂಚುತ್ತಾರೆ. ಸರಿಯಾಯಿತೋ ಇಲ್ಲವೋ ಅಂತ ನೋಡಲು ಮುಂದಿನ ಮಡ್‌ಗಾರ್ಡ್ ನೆಲದಿಂದ ಎಷ್ಟು ಎತ್ತರ ಇದೆ ಅಂತ ಟ್ರೇಲರ್ ಕಟ್ಟುವ ಮೊದಲು, ಕಟ್ಟಿದ ಮೇಲೆ, ಸಲಾಕೆ ಬಿಗಿದ ಮೇಲೆ ಅಳೆಯುತ್ತಾರೆ. ಅದು ಸ್ಪ್ರಿಂಗ್ ಇರುವ ಗಾಡಿಗೆ ಮಾಡಿದ ಸಾಧನ. ಅದನ್ನು ನೋಡಿ ಟ್ರ್ಯಾಕ್ಟರಿಗೆ ಪಾಟಾ (ಸ್ಪ್ರಿಂಗ್ ಪಟ್ಟಿ) ಬೆಸೆದು ಜುಗಾಡ್ ಮಾಡಲು ಹೋಗಬೇಡಿ. ಹೊಲದ ತಗ್ಗುದಿನ್ನೆಯಲ್ಲಿ ಹುಕ್ ಎಲ್ಲ ಕಡೆ ಆಡಬೇಕು, ಬಿಗಿದರೆ ಏನಾದರೂ ಮುರಿಯುತ್ತದೆ. ಆದರೆ ಅವರ ಒಂದು ಬುದ್ಧಿ ನಮಗೆ ಬೇಕು: ಕಟ್ಟುವ ಮೊದಲು ಅಳೆ, ಕಟ್ಟಿದ ಮೇಲೆ ಮತ್ತೆ ಅಳೆ. ನಮ್ಮ ಟ್ರ್ಯಾಕ್ಟರಿನ ಮುಂದೆ ಸ್ಪ್ರಿಂಗ್ ಇಲ್ಲ, ಎತ್ತರ ಅಳೆದು ಏನೂ ಗೊತ್ತಾಗುವುದಿಲ್ಲ. ನಾವು ಕಾಟಾಕ್ಕೇ ಹೋಗಬೇಕು.

ಕಾಟಾದಲ್ಲಿ ನಾಲ್ಕು ತೂಕ ತೆಗೆದುಕೊಳ್ಳಿ. ಜನ ಇಲ್ಲದ ಹೊತ್ತಿಗೆ, ಮಧ್ಯಾಹ್ನ ಹೋಗಿ, "ವಜನ ನಾಲ್ಕ್ ಸಲ ಬೇಕ್ರೀ" ಅಂತ ಮೊದಲೇ ಹೇಳಿ. ಬರೀ ಟ್ರ್ಯಾಕ್ಟರ್ ಪೂರ್ತಿ ಕಾಟಾದ ಮೇಲೆ, ಅದು ಮೊದಲನೆಯದು. ಆಮೇಲೆ ಬರೀ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಮಾತ್ರ ಕಾಟಾದ ಮೇಲೆ. ಹೇರಿದ ಟ್ರಾಲಿ ಕಟ್ಟಿದ ಮೇಲೆ ಟ್ರ್ಯಾಕ್ಟರಿನ ನಾಲ್ಕೂ ಗಾಲಿ ಕಾಟಾದ ಮೇಲೆ, ಟ್ರಾಲಿಯ ಗಾಲಿ ಹೊರಗೆ. ಕೊನೆಗೆ ಟ್ರಾಲಿ ಕಟ್ಟಿಕೊಂಡೇ ಮುಂದಿನ ಗಾಲಿಗಳು ಮಾತ್ರ. ಕಾಟಾದ ತಟ್ಟೆಯೂ ಹೊರಗಿನ ನೆಲವೂ ಒಂದೇ ಮಟ್ಟ ಇರಬೇಕು, ಇಳಿಜಾರಿನಲ್ಲಿ ತೂಗಿದರೆ ಅಂಕಿ ಸುಳ್ಳು ಹೇಳುತ್ತದೆ. ತೂಗುವಾಗ ಬ್ರೇಕ್ ಬಿಟ್ಟು ನ್ಯೂಟ್ರಲ್‌ನಲ್ಲಿ ಇಡಿ, ಗಾಲಿಗೆ ಕಲ್ಲು ಕೊಡಿ.

ಒಂದು ಉದಾಹರಣೆ ಹಾಕುತ್ತೇನೆ. ಬರೀ ಟ್ರ್ಯಾಕ್ಟರ್ 2,100 ಕಿಲೋ, ಅದರ ಮುಂದಿನ ಗಾಲಿ 820. ಟ್ರಾಲಿ ಕಟ್ಟಿದ ಮೇಲೆ ಟ್ರ್ಯಾಕ್ಟರ್ 2,750. ಅಂದರೆ ಹುಕ್ಕಿನ ಭಾರ 650. ಮುಂದಿನ ಗಾಲಿ ಈಗ 625ಕ್ಕೆ ಇಳಿದಿದೆ. ನೆನಪಿಡಬೇಕಾದ ಗೆರೆ ಇದು: ಮುಂದಿನ ಗಾಲಿಯ ಮೇಲೆ ಬರೀ ಟ್ರ್ಯಾಕ್ಟರಿನ ತೂಕದ ಐದರಲ್ಲಿ ಒಂದು ಪಾಲು ಉಳಿಯಲೇ ಬೇಕು. 2,100ಕ್ಕೆ ಅದು 420. ಅದಕ್ಕಿಂತ ಕೆಳಗೆ ಹೋದರೆ ಸ್ಟೇರಿಂಗ್ ನಿಮ್ಮ ಮಾತು ಕೇಳುವುದಿಲ್ಲ. 625 ಇದೆ, ಚೆನ್ನಾಗಿದೆ ಅನ್ನಿಸುತ್ತದೆ ಅಲ್ವಾ? ಆದರೆ ಇದು ಸಮ ನೆಲದ ಮೇಲೆ ನಿಂತಾಗಿನ ಲೆಕ್ಕ.

ಎಳೆಯಲು ಶುರು ಮಾಡಿದ ಕೂಡಲೇ ಇನ್ನೊಂದು ಪಾಲು ಹೋಗುತ್ತದೆ. ಹುಕ್ ನೆಲದಿಂದ ಎಷ್ಟು ಎತ್ತರ ಇದೆಯೋ ಅದರ ಮೇಲೆ ಎಲ್ಲ ನಿಂತಿದೆ. 6,000 ಕಿಲೋ ಟ್ರಾಲಿಯನ್ನು 10 ಅಡಿಗೆ ಒಂದು ಅಡಿ ಏರುವ ದಿಬ್ಬದಲ್ಲಿ, ಮಣ್ಣಿನ ದಾರಿಯಲ್ಲಿ ಎಳೆಯಬೇಕಾದರೆ ಸುಮಾರು 900 ಕಿಲೋದಷ್ಟು ಎಳೆತ ಬೇಕು. ಹುಕ್ 45 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಆ ಎಳೆತ ಮುಂದಿನ ಗಾಲಿಯಿಂದ ಸುಮಾರು 200 ಕಿಲೋ ಕಸಿಯುತ್ತದೆ. ಹುಕ್ 70 ಸೆಂಟಿಮೀಟರ್ ಎತ್ತರದಲ್ಲಿದ್ದರೆ 315. ಏರು ದಾರಿಗೆ ಟ್ರ್ಯಾಕ್ಟರಿನ ಸ್ವಂತ ಭಾರವೂ ಹಿಂದಕ್ಕೆ ವಾಲುತ್ತದೆ, ಅದಕ್ಕೆ 80 ಅಂತ ಹಿಡಿಯಿರಿ. 625ರಲ್ಲಿ 200, 80 ಕಳೆದರೆ 345. ಆಗಲೇ ಗೆರೆಯ ಕೆಳಗೆ! ಎತ್ತರದ ಹುಕ್ ಆದರೆ 230. ಅದರ ಮೇಲೆ ಕ್ಲಚ್ಚನ್ನು ಧಡಕ್ಕನೆ ಬಿಟ್ಟರೆ, ಇಲ್ಲಾ ಗಾಲಿ ಒಂದು ಕಲ್ಲಿಗೆ ತಾಗಿದರೆ, ಮುಂದು ಎದ್ದೇ ಏಳುತ್ತದೆ. ನನಗೆ ಆ ದಿಬ್ಬದಲ್ಲಿ ಆದದ್ದು ಇದೇ. ಟ್ರ್ಯಾಕ್ಟರಿನ ಹಿಂದೆ ಹುಕ್ ಹಾಕಲು ಮೇಲೆ ಕೆಳಗೆ ತೂತುಗಳಿರುತ್ತವಲ್ಲ, ನಮ್ಮ ಟ್ರಾಲಿಯ ಹುಕ್ ಎತ್ತರದ ತೂತಿನಲ್ಲಿತ್ತು, ಮೊದಲಿನ ಡ್ರೈವರ್ ಹಾಕಿದ್ದನ್ನೇ ನಾನು ಬಿಟ್ಟಿದ್ದೆ.

ಅದಕ್ಕೆ ಹುಕ್ ಹಾಕುವಾಗ ಮೊದಲ ಕೆಲಸ ಎತ್ತರ. ಟ್ರಾಲಿ ಸಮ ನೆಲದ ಮೇಲೆ ಮಟ್ಟವಾಗಿ ನಿಲ್ಲಬೇಕು, ಮೂತಿ ಮೇಲೆ ಎತ್ತಿರಬಾರದು. ಮಟ್ಟ ಇರುವ ಹಾಗೆ ಎಷ್ಟು ಕೆಳಗಿನ ತೂತಿಗೆ ಹಾಕಲು ಸಾಧ್ಯವೋ ಅಷ್ಟು ಕೆಳಗೆ ಹಾಕಿ. ಟ್ರಾಲಿಯ ದಂಡ ಎತ್ತರ ಇದ್ದು ಕೆಳಗಿನ ತೂತಿಗೆ ಬಾರದಿದ್ದರೆ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ದಂಡವನ್ನೇ ಕೆಳಗೆ ಮಾಡಿಸಿ, ಟ್ರ್ಯಾಕ್ಟರಿನ ಹುಕ್ ಮೇಲಕ್ಕೆ ಏರಿಸಬೇಡಿ. ಟಾಪ್ ಲಿಂಕ್ (ನೇಗಿಲು ಎತ್ತುವ ಲಿಫ್ಟಿನ ಮೇಲಿನ ತೋಳು) ಕಟ್ಟುವ ಜಾಗಕ್ಕೆ, ಆಕ್ಸಲ್‌ಗೆ ಸರಪಳಿ ಹಾಕಿ ಎಳೆಯುವುದು ಯಾವತ್ತೂ ಬೇಡ. ಹಿಂದಿನ ಆಕ್ಸಲ್‌ಗಿಂತ ಮೇಲೆ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ತನ್ನನ್ನೇ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಲಿಫ್ಟಿನ ಎರಡು ತೋಳಿನ ನಡುವಿನ ಪಟ್ಟಿಗೆ ಭಾರದ ಟ್ರಾಲಿ ಕಟ್ಟುವುದೂ ನನಗೆ ಸರಿ ಕಾಣುವುದಿಲ್ಲ. ಲಿವರ್‌ಗೆ ಮೊಣಕೈ ತಾಗಿದರೆ ಹುಕ್ಕಿನ ಎತ್ತರವೇ ಬದಲಾಗುತ್ತದೆ.

ಪಿನ್ ಬಗ್ಗೆ. ಪಿನ್ ಕಳೆದರೆ ಮನೆ ಕಟ್ಟುವ ಸಲಾಕೆಯ ತುಂಡು ಹಾಕಿಕೊಂಡು ಓಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಗಟ್ಟಿ ಉಕ್ಕಿನ ಪಿನ್ ಹಾಕಿ, ತೂತಿನಲ್ಲಿ ಅದು ಗಡಗಡ ಆಡಬಾರದು, ಕೆಳಗೆ ಲಾಕ್ ಕ್ಲಿಪ್ ಇರಬೇಕು, ಪಕ್ಕದಲ್ಲಿ ಒಂದು ಸರಪಳಿ ಇರಬೇಕು. ಪಿನ್ ಕೈಗೆ ತೆಗೆದುಕೊಂಡು ನೋಡಿ: ನಡುವೆ ಸೊಂಟದ ಹಾಗೆ ಸವೆದು ಸಣ್ಣಗಾಗಿದ್ದರೆ ಅದರ ಆಯುಷ್ಯ ಮುಗಿದಿದೆ. ಟ್ರಾಲಿಯ ರಿಂಗ್ ಕೂಡ ಒಳಗಡೆ ಒಂದೇ ಮಗ್ಗುಲಿಗೆ ಸವೆದು ಮೊಟ್ಟೆಯಾಕಾರ ಆಗಿರುತ್ತದೆ, ಬೆರಳು ಹಾಕಿ ಸುತ್ತ ಆಡಿಸಿದರೆ ತಿಳಿಯುತ್ತದೆ.

ಇನ್ನು ಹೇರುವುದು. ಟ್ರಾಲಿಯ ಹೊರಗಿನ ಮಗ್ಗುಲಿಗೆ ಆಕ್ಸಲ್ ನೇರಕ್ಕೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ, ಅದರ ಎರಡು ಗೇಣು ಮುಂದೆ ಇನ್ನೊಂದು ಗೆರೆ. ಹೇರಿದ ಸಾಮಾನಿನ ನಡು ಈ ಎರಡನೇ ಗೆರೆಯ ಹತ್ತಿರ ಬರಬೇಕು. ಕಬ್ಬು ಕಡಿಯುವ ಗ್ಯಾಂಗಿನವರಿಗೂ ತೋರಿಸಲು ಸುಲಭ. ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಡೆಯಿಂದ ಬಂದವರಿಗೆ ನಮ್ಮ ಮಾತು ಬಾರದಿದ್ದರೂ ಗೆರೆ ಅರ್ಥ ಆಗುತ್ತದೆ. ಕಬ್ಬಿನಲ್ಲಿ ಬುಡದ ಕಡೆ ಭಾರ ಜಾಸ್ತಿ, ತುದಿಯ ಕಡೆ ಕಮ್ಮಿ. ಉದ್ದಕ್ಕೆ ಹೇರುವಾಗ ಬುಡ ಎಲ್ಲ ಒಂದೇ ಕಡೆ ಬಂದರೆ ಕಣ್ಣಿಗೆ ಸಮ ಕಂಡರೂ ತೂಕ ಸಮ ಇರುವುದಿಲ್ಲ. ಒಂದು ಸಾಲು ಬುಡ ಮುಂದೆ, ಒಂದು ಸಾಲು ಬುಡ ಹಿಂದೆ ಇಡಿಸಿ. ಟ್ರಾಲಿಯ ಹಿಂದೆ ನಾಲ್ಕಡಿ ಚಾಚಿದ ಕಬ್ಬು ಹುಕ್ಕನ್ನು ಎತ್ತುತ್ತದೆ, ಹಿಂದೆ ಬರುವ ಬೈಕಿನವರ ಮುಖಕ್ಕೂ ಅಪಾಯ. ಕಣಿಕೆಯದು (ಜೋಳದ ಒಣ ದಂಟಿನದು) ಬೇರೆ ಕತೆ, ಭಾರ ಕಮ್ಮಿ, ಎತ್ತರ ಜಾಸ್ತಿ. ಏರಿನಲ್ಲಿ ಆ ಎತ್ತರದ ಭಾರ ಹಿಂದಕ್ಕೆ ವಾಲಿ ಹುಕ್ ಹಗುರಾಗುತ್ತದೆ, ಆದ್ದರಿಂದ ಕಣಿಕೆಗೆ ಸ್ವಲ್ಪ ಹೆಚ್ಚೇ ಮುಂಭಾರ ಇರಲಿ.

ನೀರಿನ ಟ್ಯಾಂಕರ್ ಎಲ್ಲಕ್ಕಿಂತ ಮೋಸದ ಗಾಡಿ. ಬೇಸಗೆಯಲ್ಲಿ ದಾಳಿಂಬೆ ಗಿಡ ಉಳಿಸಲು ನಮ್ಮಲ್ಲಿ ಎಷ್ಟು ಟ್ಯಾಂಕರ್ ಓಡುತ್ತವೆ ಅಂತ ನಿಮಗೇ ಗೊತ್ತು. 5,000 ಲೀಟರ್ ಅಂದರೆ 5,000 ಕಿಲೋ, ತುಂಬಿದರೆ ಅದು ಕಲ್ಲಿನ ಹಾಗೆ ಕೂರುತ್ತದೆ, ತೊಂದರೆ ಇಲ್ಲ. ಅರ್ಧ ತುಂಬಿದ್ದೇ ಅಪಾಯ. ಏರಿನಲ್ಲಿ ನೀರೆಲ್ಲ ಹಿಂದಕ್ಕೆ ಓಡಿ ಹುಕ್ಕನ್ನು ಎತ್ತುತ್ತದೆ, ಎಳೆಯಬೇಕಾದ ಹೊತ್ತಿಗೇ ದೊಡ್ಡ ಗಾಲಿಗೆ ಹಿಡಿತ ಇಲ್ಲ. ಇಳಿವಿನಲ್ಲಿ ಬ್ರೇಕ್ ಒತ್ತಿದ ಕೂಡಲೇ ಮುಂದಕ್ಕೆ ನುಗ್ಗಿ ಗುದ್ದುತ್ತದೆ. ತಿರುವಿನಲ್ಲಿ ಮಗ್ಗುಲಿಗೆ ಹೊಯ್ದಾಡುತ್ತದೆ. ಒಂದು ಹೊಲಕ್ಕೆ ಅರ್ಧ ಬಿಟ್ಟು ಇನ್ನರ್ಧ ಮುಂದಿನ ಹೊಲಕ್ಕೆ ಅಂತ ಹೋಗುವ ಅಭ್ಯಾಸ ಬಿಡಿ. ಹೊಸ ಟ್ಯಾಂಕ್ ಮಾಡಿಸುವವರು ಒಳಗೆ ಅಡ್ಡ ತಗಡು ಹಾಕಿಸಿ, ತಗಡಿನ ಕೆಳಗೂ ಮೇಲೂ ತೂತು ಬಿಡಿಸಿ. ನೀರು ಹರಿಯುತ್ತದೆ, ನುಗ್ಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಮುಂದು ಹಗುರ ಅನ್ನಿಸಿದರೆ ಮುಂದಿನ ಬಂಪರಿಗೆ ತೂಕದ ಬಿಲ್ಲೆ ಹಾಕಿಸಿ. ಮುಂದಿನ ಆಕ್ಸಲ್‌ಗಿಂತ 70 ಸೆಂಟಿಮೀಟರ್ ಮುಂದೆ 100 ಕಿಲೋ ತೂಗು ಹಾಕಿದರೆ ಮುಂದಿನ ಗಾಲಿಗೆ ಬರುವುದು 135 ಕಿಲೋ, ತಕ್ಕಡಿಯ ಗುಣವೇ ಅದು. ಕಲ್ಲು ಕಟ್ಟುವುದು, ಮರಳಿನ ಚೀಲ ಹಗ್ಗದಲ್ಲಿ ಬಿಗಿಯುವುದು ಬೇಡ, ಕಳಚಿ ಗಾಲಿಯ ಕೆಳಗೆ ಬೀಳುತ್ತದೆ. ಬಹಳ ಜನ "ಹಿಂದಿನ ಟೈರಿಗೆ ನೀರು ತುಂಬಿಸೀನಿ, ಏಳಂಗಿಲ್ಲ" ಅನ್ನುತ್ತಾರೆ. ಅದು ತಪ್ಪು ತಿಳುವಳಿಕೆ. ಆ ನೀರು ಹಿಂದಿನ ಆಕ್ಸಲ್ ಮೇಲೇ ಕೂರುತ್ತದೆ, ಮುಂದಿನ ಗಾಲಿಗೆ ಒಂದು ಕಿಲೋ ಕೂಡ ಬರುವುದಿಲ್ಲ. ಹಿಡಿತ ಹೆಚ್ಚಾಗಿ ಎಳೆತ ಹೆಚ್ಚುತ್ತದೆ, ಮೊದಲು ಗಾಲಿ ತಿರುಗಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಮುಂದು ಏಳುತ್ತದೆ.

ಹೊರಡುವ ಮೊದಲು ಎಡ ಬಲದ ಬ್ರೇಕ್ ಪೆಡಲ್ ಎರಡನ್ನೂ ಸೇರಿಸಿ ಲಾಕ್ ಮಾಡಿ. ರಸ್ತೆಯಲ್ಲಿ ಒಂದೇ ಬ್ರೇಕ್ ಬಿದ್ದರೆ ಟ್ರಾಲಿ ಅಡ್ಡ ತಿರುಗುತ್ತದೆ. ಏರು ಶುರುವಾಗುವ ಮೊದಲೇ ಲೋ ಗೇರ್ ಹಾಕಿ, ನಡುವೆ ಬದಲಿಸಬೇಡಿ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಇಳಿವಿನಲ್ಲಿ ಕ್ಲಚ್ ಮುಟ್ಟಬೇಡಿ, ಟ್ರಾಲಿಗೆ ಬ್ರೇಕ್ ಇಲ್ಲ, ಅದು ದೂಡುತ್ತದೆ. ಏರಿನಲ್ಲಿ ಮುಂದು ಎದ್ದರೆ ಮಾತ್ರ ಕ್ಲಚ್, ಅದೂ ತಕ್ಷಣ, ಗಾಲಿ ನೆಲಕ್ಕೆ ಬಿದ್ದ ಕೂಡಲೇ ಬ್ರೇಕ್. ಹುಕ್ಕಿನ ದಂಡದ ಮೇಲೆ, ಮಡ್‌ಗಾರ್ಡಿನ ಮೇಲೆ ಯಾರನ್ನೂ ಕೂರಿಸಬೇಡಿ, ಮಕ್ಕಳು ಎಷ್ಟು ಅತ್ತರೂ ಸರಿ.

ಇಳಿಸುವಾಗಲೂ ಕ್ರಮ ಇದೆ. ಮೊದಲು ಹಿಂದಿನ ಸಾಮಾನು ಇಳಿಸಿ, ಆಮೇಲೆ ಮುಂದಿನದು. ಮುಂದಿನಿಂದ ಖಾಲಿ ಮಾಡಿದರೆ ಉಳಿದದ್ದೆಲ್ಲ ಹಿಂಭಾರ ಆಗುತ್ತದೆ. ಆ ಹೊತ್ತಿಗೆ ಯಾರಾದರೂ ಪಿನ್ ತೆಗೆದರೆ ದಂಡ ಚಿಮ್ಮಿ ಎದ್ದು ಗದ್ದಕ್ಕೆ ಬಡಿಯುತ್ತದೆ. ಪಿನ್ ತೆಗೆಯುವ ಮೊದಲು ಟ್ರಾಲಿಯ ಎರಡೂ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಿ, ದಂಡದ ಕೆಳಗೆ ಸ್ಟ್ಯಾಂಡ್ ಇಡಿ. ಪಿನ್ ಬಿಗಿದುಕೊಂಡಿದ್ದರೆ ಸುತ್ತಿಗೆ ಎತ್ತಬೇಡಿ, ಎಳೆತ ಇನ್ನೂ ಇದೆ ಅಂತ ಅರ್ಥ. ಟ್ರ್ಯಾಕ್ಟರನ್ನು ನಾಲ್ಕು ಬೆರಳು ಹಿಂದಕ್ಕೆ ತಂದರೆ ಪಿನ್ ಎರಡು ಬೆರಳಿನಲ್ಲಿ ಬರುತ್ತದೆ.